ಆಟ ಉಚಿತ, ಆಟಗಾರ ದುಬಾರಿ

ಓದುಗರ ಪ್ರಶ್ನೋತ್ತರ. ಈ ಸಂಚಿಕೆಯ ವಿಷಯ: ಮೊಬೈಲ್ ಗೇಮ್‌ಗಳ ಮಾರುಕಟ್ಟೆ ತಂತ್ರ ಮತ್ತು ಪೈಪೋಟಿ

ಪ್ರಶ್ನೆ: ಪಿನ್‌ಗಳನ್ನು ಎಳೆದು, ನೀರು ಹರಿಸಿ, ಬೆಂಕಿಗೆ ಸಿಕ್ಕವನನ್ನು ಕಾಪಾಡುವ ಆಟದ ಜಾಹೀರಾತು ನೋಡಿ ಡೌನ್‌ಲೋಡ್ ಮಾಡಿಕೊಂಡೆ. ತೆರೆದರೆ ಒಂದೇ ಬಣ್ಣದ ಮೂರು ತುಣುಕುಗಳನ್ನು ಸಾಲಾಗಿ ಜೋಡಿಸುವ ಆಟ. ಹೀಗೆ ಸುಳ್ಳು ಹೇಳಿ ಕರೆತಂದವರು ಎಷ್ಟು ದಿನ ಉಳಿದಾರು? ಕಂಪನಿಗಳಿಗೆ ಇಷ್ಟೂ ತಿಳಿಯದೇ?

ಉತ್ತರ: ಚೆನ್ನಾಗಿಯೇ ತಿಳಿದಿದೆ. ನಿಮ್ಮಂತೆ ಬೇಸರಗೊಂಡವರು ಮರುದಿನವೇ ಆ್ಯಪ್ ಅಳಿಸಿಹಾಕುತ್ತಾರೆ ಎಂಬುದನ್ನೂ ಸೇರಿಸಿಯೇ ಅವರು ಲೆಕ್ಕ ಹಾಕಿರುತ್ತಾರೆ. ಉಚಿತವಾಗಿ ಸಿಗುವ ಗೇಮ್‌ಗಳ ಇಡೀ ವ್ಯವಹಾರ ಎರಡು ಸಂಖ್ಯೆಗಳ ಮೇಲೆ ನಿಂತಿದೆ. ಒಬ್ಬರಿಂದ ಒಮ್ಮೆ ಇನ್‌ಸ್ಟಾಲ್ ಮಾಡಿಸಲು ತಗಲುವ ಜಾಹೀರಾತು ವೆಚ್ಚ ಮೊದಲನೆಯದು. ಉದ್ಯಮದವರು ಇದನ್ನು ಸಿಪಿಐ ಎನ್ನುತ್ತಾರೆ. ಆ ಆಟಗಾರ ಆಟದಲ್ಲಿ ಇರುವಷ್ಟು ಕಾಲ ಖರೀದಿಯಿಂದಲೋ ಜಾಹೀರಾತು ನೋಡುವುದರಿಂದಲೋ ತಂದುಕೊಡುವ ಸರಾಸರಿ ಆದಾಯ ಎರಡನೆಯದು. ಅದಕ್ಕೆ ಎಲ್‌ಟಿವಿ ಎಂದು ಹೆಸರು. ಎಲ್‌ಟಿವಿ ಸಿಪಿಐಗಿಂತ ಹೆಚ್ಚಿರುವವರೆಗೆ ಜಾಹೀರಾತಿಗೆ ಹಣ ಸುರಿಯುತ್ತಲೇ ಇರಬಹುದು. ಉಚಿತ ಗೇಮ್ ಆಡುವವರಲ್ಲಿ ಬಹುಪಾಲು ಮಂದಿ ಎಂದಿಗೂ ಒಂದು ಕಾಸೂ ಕೊಡುವುದಿಲ್ಲ, ಕೊಡುವ ಕೆಲವರೇ ಉಳಿದವರೆಲ್ಲರ ವೆಚ್ಚವನ್ನೂ ಹೊರುತ್ತಾರೆ. ಆದ್ದರಿಂದ ಸುಳ್ಳು ಜಾಹೀರಾತು ಅಗ್ಗದಲ್ಲಿ ದೊಡ್ಡ ಗುಂಪನ್ನು ಬಾಗಿಲಿಗೆ ತಂದು ನಿಲ್ಲಿಸಿದರೆ, ಅದರಲ್ಲಿ ನೂರಕ್ಕೆ ಇಬ್ಬರೋ ಮೂವರೋ ಉಳಿದು ಖರ್ಚು ಮಾಡಿದರೂ ಲೆಕ್ಕ ಸರಿಹೋಗುತ್ತದೆ.

ನೀವು ನೋಡಿದ ಜಾಹೀರಾತಿನ ಕೊನೆಯನ್ನು ನೆನಪಿಸಿಕೊಳ್ಳಿ. ಪರದೆಯ ಮೇಲಿನ ಕೈ, ಮಗುವಿಗೂ ಗೊತ್ತಾಗುವಷ್ಟು ಸ್ಪಷ್ಟವಾಗಿ ತಪ್ಪಾದ ಪಿನ್ನನ್ನೇ ಎಳೆಯುತ್ತದೆ, ಬೆಂಕಿ ಮೇಲೆ ಬೀಳುತ್ತದೆ, ‘ಸೋತಿರಿ’ ಎಂಬ ಅಕ್ಷರಗಳು ಮೂಡುತ್ತವೆ. ಇಷ್ಟೂ ಬಾರದೇ, ನಾನಾಗಿದ್ದರೆ ಗೆಲ್ಲುತ್ತಿದ್ದೆ ಎಂದು ನೋಡುವವರ ಕೈ ತುರಿಸಬೇಕು ಎಂಬುದೇ ಆ ತಪ್ಪಿನ ಉದ್ದೇಶ. ಇಂಥ ಜಾಹೀರಾತುಗಳ ಹತ್ತಾರು ಆವೃತ್ತಿಗಳನ್ನು ಸಣ್ಣ ಮೊತ್ತ ಹಾಕಿ ಒಟ್ಟಿಗೆ ಬಿಡುತ್ತಾರೆ. ಹೆಚ್ಚು ಜನ ಒತ್ತಿದ ಒಂದೆರಡನ್ನು ಉಳಿಸಿಕೊಂಡು ಮಿಕ್ಕವನ್ನು ನಿಲ್ಲಿಸುತ್ತಾರೆ. ಸತ್ಯವೋ ಸುಳ್ಳೋ ಎಂಬ ಪ್ರಶ್ನೆ ಈ ಜರಡಿಯಲ್ಲಿ ಎಲ್ಲಿಯೂ ಏಳುವುದಿಲ್ಲ.

2020ರ ಸೆಪ್ಟೆಂಬರ್‌ನಲ್ಲಿ ಬ್ರಿಟನ್ನಿನ ಜಾಹೀರಾತು ಮಾನದಂಡ ಪ್ರಾಧಿಕಾರವು ಪ್ಲೇರಿಕ್ಸ್ ಕಂಪನಿಯ ಹೋಮ್‌ಸ್ಕೇಪ್ಸ್ ಮತ್ತು ಗಾರ್ಡನ್‌ಸ್ಕೇಪ್ಸ್ ಗೇಮ್‌ಗಳ ಇಂಥ ಜಾಹೀರಾತುಗಳು ದಾರಿ ತಪ್ಪಿಸುವಂಥವು ಎಂದು ನಿಷೇಧಿಸಿತು. ಎಲ್ಲ ಚಿತ್ರಗಳೂ ನಿಜವಾದ ಆಟವನ್ನು ತೋರಿಸುವುದಿಲ್ಲ ಎಂಬ ಸಾಲು ಜಾಹೀರಾತಿನಲ್ಲೇ ಇತ್ತಾದರೂ ಅಷ್ಟು ಸಾಲದು ಎಂಬುದು ಅದರ ತೀರ್ಮಾನವಾಗಿತ್ತು. ಆ ಬಳಿಕ ಹಲವು ಕಂಪನಿಗಳು ಪಿನ್ ಎಳೆಯುವ ಒಗಟುಗಳನ್ನು ಕಿರು ಆಟಗಳಾಗಿ ಗೇಮ್‌ನೊಳಗೆ ಸೇರಿಸತೊಡಗಿದವು. ಸುಳ್ಳನ್ನು ಕೈಬಿಡುವುದಕ್ಕಿಂತ ಅದಕ್ಕೆ ಮನೆಯಲ್ಲೊಂದು ಮೂಲೆ ಮಾಡಿಕೊಡುವುದೇ ಅಗ್ಗವೆಂದು ಕಂಡಿರಬೇಕು.

ಪ್ರಶ್ನೆ: ನಾವು ಮೂವರು ಸೇರಿ ಒಂದು ಒಗಟಿನ ಗೇಮ್ ಮಾಡಿದ್ದೇವೆ. ಆಡಿದವರೆಲ್ಲ ಮೆಚ್ಚಿದ್ದಾರೆ. ಆದರೆ ಸ್ನೇಹಿತರು, ಬಂಧುಗಳು ಡೌನ್‌ಲೋಡ್ ಮಾಡಿಕೊಂಡ ಮೇಲೆ ಸಂಖ್ಯೆ ಅಲ್ಲಿಗೇ ನಿಂತಿದೆ. ಕೈಯಲ್ಲಿ ಸ್ವಲ್ಪ ಉಳಿತಾಯವಿದೆ. ಅದನ್ನು ಜಾಹೀರಾತಿಗೆ ಹಾಕಬಹುದೇ?

ಉತ್ತರ: ಆಟಗಾರರನ್ನು ಗುಡ್ಡೆ ಹಾಕಲು ಹಾಕಬೇಡಿ, ಸತ್ಯ ತಿಳಿದುಕೊಳ್ಳಲು ಅದರ ಸಣ್ಣ ಭಾಗವನ್ನು ಹಾಕಿ.

ಕಾರಣ ಹೀಗಿದೆ. ಮೊಬೈಲ್ ಜಾಹೀರಾತಿನ ಜಾಗವು ಬಹುಮಟ್ಟಿಗೆ ಹರಾಜಿನಲ್ಲಿ, ಪರದೆ ತೆರೆದುಕೊಳ್ಳುವ ಕ್ಷಣಾರ್ಧದಲ್ಲಿ ಮಾರಾಟವಾಗುತ್ತದೆ. ಆ ಹರಾಜಿನಲ್ಲಿ ನಿಮ್ಮ ಪಕ್ಕದಲ್ಲಿ ಕೂಗುತ್ತಿರುವವರು ಯಾರು ಎಂದು ನೋಡಿ. ಕ್ಯಾಂಡಿ ಕ್ರಷ್ ಸಾಗಾ ಮತ್ತು ಕ್ಲ್ಯಾಷ್ ಆಫ್ ಕ್ಲ್ಯಾನ್ಸ್ ಎರಡೂ 2012ರಲ್ಲಿ ಬಂದವು, ಇಂದಿಗೂ ಗಳಿಸುತ್ತಿವೆ. ಹೊಸ ಹಂತಗಳು, ವಾರಾಂತ್ಯದ ಸ್ಪರ್ಧೆಗಳು, ಸೀಸನ್ ಪಾಸ್‌ಗಳು ಎಂದು ವರ್ಷಾನುಗಟ್ಟಲೆ ತಿದ್ದಿ ತೀಡಿ, ಒಬ್ಬ ಆಟಗಾರನಿಂದ ಎಷ್ಟು ಬರುತ್ತದೆ ಎಂಬುದನ್ನು ಅವರು ಮೇಲೇರಿಸಿಕೊಂಡಿದ್ದಾರೆ. ನಿಮಗೆ ಒಬ್ಬ ಆಟಗಾರನಿಂದ ಅರ್ಧ ಡಾಲರ್ ಬರುತ್ತದೆ, ಅವರಿಗೆ ಐದು ಡಾಲರ್ ಬರುತ್ತದೆ ಎಂದಿಟ್ಟುಕೊಳ್ಳಿ. ಅವರು ಮೂರು ಡಾಲರ್ ಕೂಗಿಯೂ ಲಾಭದಲ್ಲಿರುತ್ತಾರೆ, ನೀವು ಒಂದು ಡಾಲರ್ ಕೂಗಿದರೂ ನಷ್ಟ. ನಿಮ್ಮ ಗೇಮ್ ಅವರದಕ್ಕಿಂತ ಸೊಗಸಾಗಿದೆಯೇ ಎಂಬ ಮಾತೇ ಇಲ್ಲಿ ಬರುವುದಿಲ್ಲ. ಪೈಪೋಟಿ ನಡೆಯುತ್ತಿರುವುದು ಗೇಮ್‌ಗಳ ನಡುವೆ ಎಂದು ಹೊರಗಿನವರು ಭಾವಿಸುತ್ತಾರೆ. ವಾಸ್ತವದಲ್ಲಿ ಅದು ಒಬ್ಬ ಆಟಗಾರನಿಗೆ ಯಾರು ಹೆಚ್ಚು ತೆರಬಲ್ಲರು ಎಂಬುದರ ಪೈಪೋಟಿ.

ಇನ್ನು ತಿಳಿದುಕೊಳ್ಳಬೇಕಾದ ಸತ್ಯ ಯಾವುದು? ಪರಿಚಯದವರ ಮೆಚ್ಚುಗೆಯನ್ನು ಸದ್ಯಕ್ಕೆ ಬದಿಗಿಡಿ. ನಿಮ್ಮ ಗುರುತೇ ಇಲ್ಲದ ಕೆಲವು ನೂರು ಮಂದಿಯನ್ನು ಸಣ್ಣ ಜಾಹೀರಾತಿನಿಂದ ಕರೆತಂದು, ಅವರಲ್ಲಿ ಎಷ್ಟು ಜನ ಮರುದಿನ, ಏಳನೆಯ ದಿನ, ಮೂವತ್ತನೆಯ ದಿನ ಗೇಮ್ ತೆರೆದರು ಎಂದು ನೋಡಿ. ನೂರಕ್ಕೆ ಕ್ರಮವಾಗಿ 40, 20 ಮತ್ತು 10 ಮಂದಿ ಮರಳಿದರೆ ಒಳ್ಳೆಯದು ಎಂಬುದು ಉದ್ಯಮದ ಹಳೆಯ ಅಳತೆಗೋಲು. ಅದನ್ನು ಮುಟ್ಟದ ಗೇಮ್‌ಗಳೇ ಹೆಚ್ಚು. ಮರುದಿನದ ಸಂಖ್ಯೆ ತೀರಾ ಕಡಿಮೆಯಿದ್ದರೆ ತೊಂದರೆ ಮೊದಲ ಕೆಲವು ನಿಮಿಷಗಳಲ್ಲಿದೆ: ವಿವರಣೆ ಉದ್ದವಾಗಿದೆ, ಇಲ್ಲವೇ ಮೊದಲ ಗೆಲುವು ತಡವಾಗಿ ಸಿಗುತ್ತಿದೆ. ದೊಡ್ಡವರೂ ಇದನ್ನೇ ಮಾಡುತ್ತಾರೆ. ಸೂಪರ್‌ಸೆಲ್ ಕಂಪನಿ ಬ್ರಾಲ್ ಸ್ಟಾರ್ಸ್ ಗೇಮನ್ನು 2017ರ ಜೂನ್‌ನಲ್ಲಿ ಕೆನಡಾದಲ್ಲಿ ಪ್ರಾಯೋಗಿಕವಾಗಿ ಬಿಟ್ಟು, ಫೋನನ್ನು ನೇರವಾಗಿ ಹಿಡಿದು ಆಡುತ್ತಿದ್ದುದನ್ನು ಅಡ್ಡ ಹಿಡಿದು ಆಡುವಂತೆ ಬದಲಿಸಿ, 2018ರ ಡಿಸೆಂಬರ್‌ನಲ್ಲಷ್ಟೇ ಜಗತ್ತಿಗೆಲ್ಲ ಬಿಡುಗಡೆ ಮಾಡಿತು. ಇದೇ ಹಂತದಲ್ಲಿ ಅದು ಮುಚ್ಚಿಹಾಕಿದ ಗೇಮ್‌ಗಳೂ ಹಲವಿವೆ.

ಹಣವಿಲ್ಲದೆ ಮಾಡಬಹುದಾದ ಕೆಲಸವನ್ನು ಬಹಳ ತಂಡಗಳು ಕೊನೆಗೆ ಬಿಡುತ್ತವೆ. ಸ್ಟೋರ್‌ನ ಪುಟದಲ್ಲಿ ಕಾಣುವ ಐಕಾನ್, ಮೊದಲ ಎರಡು ಸ್ಕ್ರೀನ್‌ಶಾಟ್‌ಗಳು ಮತ್ತು ಹೆಸರಿನ ಪಕ್ಕದ ಒಂದು ಸಾಲು ಆಟಗಾರನ ತೀರ್ಮಾನವನ್ನು ಹೆಚ್ಚುಕಡಿಮೆ ಮುಗಿಸಿಬಿಡುತ್ತವೆ. ಎರಡು ಐಕಾನ್‌ಗಳನ್ನು ಬೇರೆಬೇರೆ ಜನರಿಗೆ ತೋರಿಸಿ ಹೋಲಿಸುವ ಸೌಲಭ್ಯ ಗೂಗಲ್ ಪ್ಲೇ ಮತ್ತು ಆ್ಯಪಲ್ ಎರಡರಲ್ಲೂ ಇದೆ. ಆ್ಯಪ್ ಸ್ಟೋರ್‌ನಲ್ಲಿ 2017ರಿಂದ ಸಂಪಾದಕರೇ ಆರಿಸಿ ಬರೆಯುವ ‘ಟುಡೇ’ ಪುಟವಿದೆ, ಅದಕ್ಕೆ ನಿಮ್ಮ ಗೇಮನ್ನು ನೀವೇ ಸೂಚಿಸಬಹುದು. ಸಂಪಾದಕರ ಆ ಆಯ್ಕೆ ಹರಾಜಿನಲ್ಲಿ ಮಾರಾಟವಾಗುವುದಿಲ್ಲ. ಬೇರೆಯವರ ಗೇಮ್‌ಗಳನ್ನು ಮಾರುಕಟ್ಟೆಗೆ ತರುವ ಪ್ರಕಾಶಕ ಕಂಪನಿಯೊಂದು ಮುಂದೆ ಬಂದರೆ, ಜಾಹೀರಾತು ವೆಚ್ಚವನ್ನು ಮೊದಲು ಕಳೆದು ಉಳಿದದ್ದನ್ನು ಹಂಚುವ ಕರಾರೇ ಎಂಬುದನ್ನು ಓದಿಕೊಂಡು ಸಹಿ ಹಾಕಿ. ಎಷ್ಟೋ ಸಲ ಉಳಿಯುವುದೇ ಏನೂ ಇರುವುದಿಲ್ಲ.

ಪ್ರಶ್ನೆ: ಒಂದು ಗೇಮ್ ಗೆದ್ದರೆ ಅದರಂಥವೇ ಹತ್ತು ಬರುತ್ತವೆ. ಕಾನೂನು ಇದನ್ನು ತಡೆಯುವುದಿಲ್ಲವೇ?

ಉತ್ತರ: ಚಿತ್ರ, ಸಂಗೀತ, ಕೋಡ್, ಬರಹ ಇವುಗಳಿಗೆ ಹಕ್ಕುಸ್ವಾಮ್ಯದ ರಕ್ಷಣೆಯಿದೆ, ಆಟದ ನಿಯಮಕ್ಕೆ ಇಲ್ಲ. ನೋಟವನ್ನೂ ಹಾಗೆಹಾಗೆಯೇ ಎತ್ತಿಕೊಂಡರೆ ಸೋಲುವ ಸಾಧ್ಯತೆಯಿದೆ. 2012ರಲ್ಲಿ ಅಮೆರಿಕದ ನ್ಯಾಯಾಲಯವೊಂದು ಟೆಟ್ರಿಸ್‌ನ ನಕಲಿನ ವಿಷಯದಲ್ಲಿ ಹಾಗೆಯೇ ತೀರ್ಪು ಕೊಟ್ಟಿತು. ಆದರೆ ಆಶೆರ್ ವಾಲ್ಮರ್ ಮತ್ತು ಗ್ರೆಗ್ ವೋಲ್ವೆಂಡ್ ಒಂದು ವರ್ಷಕ್ಕೂ ಹೆಚ್ಚು ಕಾಲ ತಿದ್ದಿ ರೂಪಿಸಿದ, ಸಂಖ್ಯೆಗಳ ಬಿಲ್ಲೆಗಳನ್ನು ಸರಿಸಿ ಕೂಡಿಸುವ, ಹಣ ಕೊಟ್ಟು ಕೊಳ್ಳಬೇಕಾದ ಥ್ರೀಸ್ ಗೇಮ್ 2014ರ ಫೆಬ್ರುವರಿಯಲ್ಲಿ ಬಂದರೆ, ಮರು ತಿಂಗಳೇ ಅದೇ ಬಗೆಯ 2048 ಉಚಿತವಾಗಿ ಬಂದು ಮನೆಮಾತಾಯಿತು. ಇದನ್ನು ಗಾಬ್ರಿಯೆಲೆ ಚಿರುಲಿ ಎಂಬ ತರುಣ ಒಂದು ವಾರಾಂತ್ಯದಲ್ಲಿ ಬರೆದು ಕೋಡನ್ನೂ ಮುಕ್ತವಾಗಿಟ್ಟಿದ್ದ. ಥ್ರೀಸ್ ಆಳವಾದ ಆಟ ಎಂಬುದು ನನ್ನ ಅಭಿಪ್ರಾಯ. ಆದರೆ ಅದನ್ನು ತಿಳಿಯಲು ಮೊದಲು ಹಣ ಕೊಡಬೇಕಿತ್ತು, 2048 ಆಡಲು ಬ್ರೌಸರ್ ತೆರೆದರೆ ಸಾಕಿತ್ತು.

ಪ್ರಶ್ನೆ: ನಾಣ್ಯಗಳನ್ನು ಆ್ಯಪ್‌ನೊಳಗೆ ಕೊಳ್ಳದೆ ತಮ್ಮ ವೆಬ್‌ಸೈಟಿನಲ್ಲಿ ಕೊಂಡರೆ ಹೆಚ್ಚು ಕೊಡುತ್ತೇವೆ ಎಂದು ಕೆಲವು ಗೇಮ್‌ಗಳು ಹೇಳುತ್ತಿವೆ. ಯಾಕೆ?

ಉತ್ತರ: ಆ್ಯಪ್‌ನೊಳಗಿನ ಖರೀದಿಯಲ್ಲಿ ಸ್ಟೋರ್‌ಗಳು ವಾಡಿಕೆಯಾಗಿ ಶೇ 30ರಷ್ಟು ಕಮಿಷನ್ ಹಿಡಿಯುತ್ತಾ ಬಂದಿವೆ. ವರ್ಷಕ್ಕೆ 10 ಲಕ್ಷ ಡಾಲರ್‌ವರೆಗಿನ ಗಳಿಕೆಗೆ ಶೇ 15ರ ದರ 2021ರಲ್ಲಿ ಬಂತಾದರೂ ದೊಡ್ಡವರಿಗೆ ಅದು ನಗಣ್ಯ. 2020ರ ಆಗಸ್ಟ್ 13ರಂದು ಎಪಿಕ್ ಕಂಪನಿ ಫೋರ್ಟ್‌ನೈಟ್‌ನಲ್ಲಿ ತನ್ನದೇ ಪಾವತಿ ವ್ಯವಸ್ಥೆ ತೆರೆಯಿತು. ಆ್ಯಪಲ್ ಮತ್ತು ಗೂಗಲ್ ಎರಡೂ ಅದೇ ದಿನ ಗೇಮನ್ನು ಸ್ಟೋರ್‌ನಿಂದ ತೆಗೆದವು, ಎಪಿಕ್ ಎರಡರ ಮೇಲೂ ಮೊಕದ್ದಮೆ ಹೂಡಿತು. ಆ್ಯಪಲ್ ಮೇಲಿನ ಮೊಕದ್ದಮೆಯಲ್ಲಿ ಅಮೆರಿಕದ ನ್ಯಾಯಾಲಯ, ಹೊರಗಿನ ಪಾವತಿಯ ದಾರಿ ತೋರಿಸುವುದನ್ನು ತಡೆಯಬಾರದು ಎಂದು 2021ರಲ್ಲಿ ಆದೇಶಿಸಿತು; ಅದನ್ನು ಆ್ಯಪಲ್ ಉಲ್ಲಂಘಿಸಿದೆ ಎಂದು 2025ರ ಏಪ್ರಿಲ್‌ನಲ್ಲಿ ಅದೇ ನ್ಯಾಯಾಲಯ ತೀರ್ಮಾನಿಸಿತು.

ಇದರ ಹಿಂದೆ ಇನ್ನೊಂದು ಒತ್ತಡವೂ ಇದೆ. 2021ರ ಏಪ್ರಿಲ್‌ನಿಂದ ಐಫೋನ್‌ನಲ್ಲಿ, ಬೇರೆ ಕಂಪನಿಗಳ ಆ್ಯಪ್‌ಗಳಲ್ಲಿ ಬಳಕೆದಾರನನ್ನು ಹಿಂಬಾಲಿಸಬೇಕಾದರೆ ಅವನ ಒಪ್ಪಿಗೆ ಕೇಳಬೇಕಾಯಿತು. ದೊಡ್ಡ ಮೊತ್ತ ಖರ್ಚು ಮಾಡುವವರನ್ನು, ಅವರನ್ನು ಹೋಲುವವರನ್ನು ಹುಡುಕಿ ಅವರಿಗೆ ಮಾತ್ರ ಜಾಹೀರಾತು ತೋರಿಸುವ ಕುಶಲತೆ ಅಂದಿನಿಂದ ಮೊಂಡಾಗಿದೆ. ಆಟಗಾರನನ್ನು ಕರೆತರುವ ವೆಚ್ಚವನ್ನು ಇಳಿಸುವುದು ಕಷ್ಟವಾದಾಗ, ಅವನಿಂದ ಬಂದ ಹಣದಲ್ಲಿ ತಮ್ಮ ಪಾಲನ್ನು ಹೆಚ್ಚಿಸಿಕೊಳ್ಳುವ ದಾರಿ ಉಳಿಯುತ್ತದೆ. ವೆಬ್‌ಸೈಟಿನಲ್ಲಿ ಉಳಿದ ಕಮಿಷನ್‌ನಲ್ಲಿ ಸ್ವಲ್ಪ ನಿಮಗೆ ಹೆಚ್ಚುವರಿ ನಾಣ್ಯಗಳಾಗಿ ಬರುತ್ತದೆ, ಮಿಕ್ಕದ್ದು ಮುಂದಿನ ಹರಾಜಿನ ಕೂಗಿಗೆ ಹೋಗುತ್ತದೆ. ಕೊಳ್ಳುವುದಾದರೆ ಗೇಮ್‌ನೊಳಗಿನ ಕೊಂಡಿಯಿಂದಲೇ ಅಧಿಕೃತ ತಾಣಕ್ಕೆ ಹೋಗಿ; ಚಾಟ್‌ಗಳಲ್ಲಿ ಅಪರಿಚಿತರು ಕಳುಹಿಸುವ ಅಗ್ಗದ ನಾಣ್ಯಗಳ ಕೊಂಡಿಗಳನ್ನು ಒತ್ತಬೇಡಿ.