ಚಿಕ್ಕ ಆರ್‌ಎನ್‌ಎ, ಚೆಲ್ಲಿಹೋದ ಎಂಟು ತಿಂಗಳು

ಕ್ಯಾನ್ಸರ್‌ನಲ್ಲಿ ಮೈಕ್ರೋಆರ್‌ಎನ್‌ಎ ಏನು ಮಾಡುತ್ತದೆ ಅಂತ ನೋಡೋದು ನನ್ನ ಕೆಲಸ. ಓದುಗರು ಕೇಳಿದ ಪ್ರಶ್ನೆಗಳಿಗೆ ನನ್ನ ಉತ್ತರ ಇಲ್ಲಿದೆ.

ಪ್ರಶ್ನೆ: ಮೈಕ್ರೋಆರ್‌ಎನ್‌ಎ ಅಂದರೇನು ಸರ್? ನೀವು ಅದರ ಹಿಂದೆ ಬಿದ್ದದ್ದು ಹೇಗೆ?

ನಾನು ಪಿಎಚ್‌ಡಿಗೆ ಸೇರಿದಾಗ ಕೈಗೆತ್ತಿಕೊಂಡ ವಿಷಯವೇ ಬೇರೆ. 2002ರಲ್ಲಿ ಕ್ಯಾನ್ಸರ್ ಸಂಶೋಧಕರಾದ ಜಾರ್ಜ್ ಕ್ಯಾಲಿನ್, ಕಾರ್ಲೋ ಕ್ರೋಚೆ ತಂಡದ ಪ್ರಬಂಧ ಓದಿ ಮನಸ್ಸು ಬದಲಾಯಿತು. ಸಿಎಲ್‌ಎಲ್ ಅನ್ನೋ ರಕ್ತದ ಕ್ಯಾನ್ಸರ್ ಇರುವ ಅರ್ಧಕ್ಕಿಂತ ಜಾಸ್ತಿ ಜನರ ಕ್ಯಾನ್ಸರ್ ಕೋಶಗಳಲ್ಲಿ 13ನೇ ಕ್ರೋಮೋಸೋಮಿನ ಒಂದು ತುಂಡು ಇರೋದಿಲ್ಲ. ಆ ಜಾಗದಲ್ಲಿ ಯಾವ ಪ್ರೋಟೀನಿನ ಜೀನ್ ಇದೆ ಅಂತ ವರ್ಷಗಟ್ಟಲೆ ತಡಕಾಡಿದ್ದರು. ಸಿಕ್ಕಿದ್ದು ಎರಡು ಪುಟಾಣಿ ಆರ್‌ಎನ್‌ಎ, ಅಂದರೆ ಮೈಕ್ರೋಆರ್‌ಎನ್‌ಎ: ಮಿರ್-15 ಮತ್ತು ಮಿರ್-16.

ಜೀನ್ ಹೇಳಿದ್ದನ್ನು ಮೆಸೆಂಜರ್ ಆರ್‌ಎನ್‌ಎ ಒಂದು ಚೀಟಿಯ ಹಾಗೆ ಹೊತ್ತು ತರುತ್ತದೆ. ಅದನ್ನು ಓದಿ ಕೋಶ ಪ್ರೋಟೀನ್ ಮಾಡುತ್ತದೆ. ಸುಮಾರು 22 ಅಕ್ಷರದ (ಆರ್‌ಎನ್‌ಎ ಸರಪಳಿಯ ಒಂದೊಂದು ಕೊಂಡಿಗೂ ಅಕ್ಷರ ಅನ್ನುತ್ತೇವೆ) ಮೈಕ್ರೋಆರ್‌ಎನ್‌ಎ ಆ ಚೀಟಿಗೆ ಅಂಟಿಕೊಂಡರೆ ಓದೋದು ನಿಲ್ಲುತ್ತದೆ, ಇಲ್ಲವೇ ಚೀಟಿಯೇ ಹಾಳಾಗುತ್ತದೆ. ಮಿರ್-15, 16 ತಡೆಯೋದು ಬಿಸಿಎಲ್-2 ಅನ್ನೋ ಪ್ರೋಟೀನನ್ನು. ಇದರ ಕೆಲಸ ಕೋಶವನ್ನು ಸಾಯದಂತೆ ಕಾಯೋದು. ತಡೆಯುವವರೇ ಇಲ್ಲದಿದ್ದರೆ ಸಾಯಬೇಕಾದ ಕೋಶವೂ ಆರಾಮಾಗಿ ಉಳಿದುಬಿಡುತ್ತದೆ.

ಇದೆಲ್ಲ ಶುರುವಾದದ್ದು 1 ಮಿಲಿಮೀಟರ್ ಉದ್ದದ ಒಂದು ಹುಳದಿಂದ. 1993ರಲ್ಲಿ ವಿಕ್ಟರ್ ಆಂಬ್ರೋಸ್, ಗ್ಯಾರಿ ರವ್‌ಕುನ್ ಅದರಲ್ಲಿ ಮೊದಲ ಮೈಕ್ರೋಆರ್‌ಎನ್‌ಎ ಕಂಡರು. ಹುಳದ ವಿಚಾರ ತಾನೇ ಅಂತ ಜಾಸ್ತಿ ಜನ ತಲೆ ಕೆಡಿಸಿಕೊಳ್ಳಲಿಲ್ಲ. 2000ದಲ್ಲಿ ಲೆಟ್-7 ಅನ್ನೋ ಇನ್ನೊಂದು ಸಿಕ್ಕಿತು, ಅದು ಮನುಷ್ಯರಲ್ಲೂ ಇತ್ತು. ಆಮೇಲೆ ನೋಡಿ, ಎಲ್ಲರೂ ಓಡಿ ಬಂದರು. ನಾನೂ! ಆಂಬ್ರೋಸ್, ರವ್‌ಕುನ್ ಇಬ್ಬರಿಗೆ ನೊಬೆಲ್ ಬಂದದ್ದು 2024ರಲ್ಲಿ.

ಪ್ರಶ್ನೆ: ನೀವು ಮಾಡಿದ ದೊಡ್ಡ ಎಡವಟ್ಟು ಯಾವುದು?

ಇದನ್ನು ಕೇಳಿದವರಿಗೆ ನನ್ನ ಹಳೇ ಸಹಪಾಠಿಗಳು ಯಾರಾದರೂ ಹೇಳಿಕೊಟ್ಟಿರಬೇಕು. ಕ್ಯಾನ್ಸರ್ ಗೆಡ್ಡೆಯ ತುಂಡನ್ನು ಅರೆದು, ಆರ್‌ಎನ್‌ಎ ಬೇರೆ ಮಾಡಿ, ಮೈಕ್ರೋಆರ್‌ಎನ್‌ಎ ಎಷ್ಟಿದೆ ಅಂತ ನೋಡೋದು ನನ್ನ ಕೆಲಸ. ಎಂಟು ತಿಂಗಳು ಮಾಡಿದೆ. ಮೈಕ್ರೋಆರ್‌ಎನ್‌ಎ ಇದ್ದರೆ ಎಕ್ಸ್-ರೇ ಫಿಲ್ಮಿನ ಮೇಲೆ ಕಪ್ಪು ಗೆರೆ ಮೂಡಬೇಕು. ಫಿಲ್ಮ್ ಪ್ರತಿ ಸಲವೂ ಖಾಲಿ. ಗೆಡ್ಡೆಯಲ್ಲಿ ಅದು ಇಲ್ಲವೇ ಇಲ್ಲ ಅಂತ ಖುಷಿಯಲ್ಲಿ ವರದಿಯನ್ನೂ ಬರೆದೆ.

ಒಂದು ಸಂಜೆ ಪಕ್ಕದ ಲ್ಯಾಬಿನ ಹುಡುಗಿ ಬಂದು ನಿಂತು ನೋಡಿದಳು. ಆರ್‌ಎನ್‌ಎ ಹಿಡಿಯೋಕೆ ಸಿಲಿಕಾ ಪೊರೆ ಇರೋ ಪುಟ್ಟ ಕೊಳವೆ, ಅಂದರೆ ಕಾಲಂ, ಬಳಸುತ್ತೇವೆ. ಮೇಲಿಂದ ದ್ರಾವಣ ಹಾಕಿ ಗಿರಗಿರ ತಿರುಗಿಸಿದರೆ ಆರ್‌ಎನ್‌ಎ ಪೊರೆಗೆ ಅಂಟುತ್ತದೆ, ಮಿಕ್ಕಿದ್ದು ಕೆಳಗಿನ ಟ್ಯೂಬಿಗೆ ಇಳಿಯುತ್ತದೆ. ನಾನು ಆ ಟ್ಯೂಬನ್ನು ಚೆಲ್ಲುತ್ತಿದ್ದೆ. "ಸುಮಾರು 200 ಅಕ್ಷರಕ್ಕಿಂತ ಚಿಕ್ಕದು ಈ ಕಾಲಂಗೆ ಅಂಟಲ್ಲ ಕಣೋ, ಆಲ್ಕೋಹಾಲ್ ಜಾಸ್ತಿ ಹಾಕಬೇಕು. ನೀನು ಹುಡುಕ್ತಿರೋದನ್ನೇ ಚೆಲ್ಲಿದ್ದೀಯ" ಅಂದಳು. ಎಂಟು ತಿಂಗಳು, ದಿನಾ, ನನ್ನ ಕೈಯಾರೆ. ಮುಂದಿನ ವಾರ ಫಿಲ್ಮಿನ ಕೆಳತುದಿಯಲ್ಲಿ ತೆಳ್ಳಗೆ ಒಂದು ಕಪ್ಪು ಗೆರೆ ಬಂತು. ವರದಿ ಹರಿದು ಹಾಕಿದೆ.

ಪ್ರಶ್ನೆ: ಕ್ಯಾನ್ಸರ್‌ಗೆ ಇದರಿಂದ ಔಷಧಿ ಯಾವಾಗ ಬರುತ್ತೆ?

ವರ್ಷ ಹೇಳಿ ಆಸೆ ಹುಟ್ಟಿಸಲಾರೆ. ಮಿರ್-34 ಅನ್ನೋ ಇನ್ನೊಂದು ಮೈಕ್ರೋಆರ್‌ಎನ್‌ಎಯ ಕೃತಕ ನಕಲನ್ನು 2013ರಲ್ಲಿ ರೋಗಿಗಳಿಗೆ ಕೊಟ್ಟು ನೋಡಲು ಶುರು ಮಾಡಿದರು. ರೋಗನಿರೋಧಕ ವ್ಯವಸ್ಥೆ ಕೆಲವರಲ್ಲಿ ತೀರಾ ಕೆರಳಿ, 2016ರಲ್ಲಿ ನಿಲ್ಲಿಸಬೇಕಾಯಿತು. ಗೆಡ್ಡೆಯ ಒಳಗೇ ಅದನ್ನು ತಲುಪಿಸೋದು ಇನ್ನೂ ಕಷ್ಟ. ಇದರ ದಾಯಾದಿ ಎಸ್ಐಆರ್‌ಎನ್‌ಎ (ಇದೂ ಮೆಸೆಂಜರ್ ಚೀಟಿಯನ್ನು ಹಾಳುಮಾಡೋ ಪುಟಾಣಿ ಆರ್‌ಎನ್‌ಎ) ಪಿತ್ತಜನಕಾಂಗಕ್ಕೆ ಸುಲಭವಾಗಿ ತಲುಪುತ್ತದೆ. 2018ರಲ್ಲಿ ಒಪ್ಪಿಗೆ ಪಡೆದ ಪ್ಯಾಟಿಸಿರಾನ್ ಆ ಬಗೆಯದು, ಆದರೆ ಅದು ಕ್ಯಾನ್ಸರ್‌ಗಲ್ಲ, ಒಂದು ನರರೋಗಕ್ಕೆ.

ಪ್ರಶ್ನೆ: ನಿಮ್ಮ ಲ್ಯಾಬಿನ ಫೋಟೋದಲ್ಲಿ ಗ್ಲೌಸ್ ಹಾಕಿದ್ದೀರಿ. ಆರ್‌ಎನ್‌ಎ ಮುಟ್ಟಿದರೆ ಅಪಾಯವಾ? (7ನೇ ತರಗತಿ)

ಅಪಾಯ ನನಗಲ್ಲ ಪುಟ್ಟಾ, ಅದಕ್ಕೆ. ನಮ್ಮ ಬೆರಳ ಮೇಲೆ ಆರ್‌ಎನ್‌ಎಯನ್ನು ಕತ್ತರಿಸಿ ಹಾಕೋ ಕಿಣ್ವ ಇರುತ್ತದೆ. ಮಹಾ ಗಟ್ಟಿ ಜೀವ ಅದು, ಕುದಿಸಿದರೂ ಬಗ್ಗಲ್ಲ.