ಹೆಣ್ಣಿನ ದನಿಯಲ್ಲಿ ಬರೆಯುವ ಮೊದಲು ನಾನು ಯಾರೆಂದು ತೀರ್ಮಾನಿಸಬೇಕಾ?

ಗಂಡಾಗಿ ಬೆಳೆದಿದ್ದೀರಿ, ಕಥೆ ಬರೆಯಲು ಕೂತರೆ ಹೆಣ್ಣಿನ ದನಿಯೇ ಬರುತ್ತದೆ, ಮೊದಲು ನಾನು ಯಾರೆಂದು ತೀರ್ಮಾನಿಸಿ ಆಮೇಲೆ ಬರೆಯಲಾ ಎಂದು ಕೇಳಿದ್ದೀರಿ. ಇದು ನನ್ನದೇ ಹಳೇ ಪ್ರಶ್ನೆ.

2011ರ ಮಳೆಗಾಲ. ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯ ಅಟ್ಟ. ಹೊರಗೆ ಅಡಿಕೆಗೆ ಕೊಳೆರೋಗ ತರುವಂಥ ಮಳೆ, ಒಳಗೆ ಕರೆಂಟಿಲ್ಲ. ಬಹಳ ದಿನದ ಮೇಲೆ ಒಬ್ಬರು ಬಸ್ಸಿಳಿದು ಮನೆಗೆ ನಡೆಯುವ ಕಥೆ ಬರೆಯುತ್ತಿದ್ದೆ. ಎಲ್ಲವೂ 'ನಾನು'. ನಾನು ಹಳ್ಳದ ಮೇಲಿನ ಸಂಕ (ಕಾಲುಸೇತುವೆ) ದಾಟಿದೆ, ನಾನು ಜೀರುಂಡೆ ಸದ್ದು ಕೇಳಿದೆ. ನಮ್ಮ ಕನ್ನಡದಲ್ಲಿ 'ದಾಟಿದೆ' ಅಂದರೆ ಗಂಡೋ ಹೆಣ್ಣೋ ತಿಳಿಯುವುದಿಲ್ಲ. 'ದಾಟಿದ', 'ದಾಟಿದಳು' ಅಂದಾಗಲೇ ತಿಳಿಯುವುದು. ಹತ್ತು ಪುಟ ಹಾಗೇ ಹೋಯಿತು. ಹನ್ನೊಂದನೆಯದರಲ್ಲಿ ಅಮ್ಮ ಬಾಗಿಲಿಗೆ ಬಂದು "ಒದ್ದೆಯಾಗಿದೀಯಲ್ಲೇ, ಒಳಗೆ ಬಾರೇ" ಅಂದಳು. ಬರೆದದ್ದು ನಾನೇ. ಆ 'ಬಾರೇ' ನೋಡಿ ಪೆನ್ನು ಕೆಳಗಿಟ್ಟೆ. ಮನೆಯಲ್ಲಿ ಇಪ್ಪತ್ತೆರಡು ವರ್ಷ ನನ್ನನ್ನು 'ಬಾರೋ' ಅಂತಲೇ ಕರೆದಿದ್ದರು.

ತಪ್ಪು ಮಾಡಿದ್ದು ಆಮೇಲೆ. ಒಂದು ಸ್ಮರಣ ಸಂಚಿಕೆಗೆ ಆ ಕಥೆ ಕೊಟ್ಟೆ. ಅದನ್ನು ನೋಡಿಕೊಳ್ಳುತ್ತಿದ್ದವರು "ನೀನು ಹುಡುಗ, 'ನಾನು' ಅಂತಿದ್ರೆ ಓದೋರಿಗೆ ಗೊಂದಲ, 'ಅವಳು' ಅಂತ ಮಾಡು" ಅಂದರು. ಒಂದೇ ರಾತ್ರಿಯಲ್ಲಿ ಮಾಡಿಕೊಟ್ಟೆ. ದಾಟಿದೆ ಇದ್ದದ್ದು ದಾಟಿದಳು. ಕೇಳಿದೆ ಇದ್ದದ್ದು ಕೇಳಿದಳು. ಕೊನೆಯ ಅಕ್ಷರ ತಾನೇ ಅಂದುಕೊಂಡೆ. ಅಲ್ಲ. ಒಂದೊಂದು 'ಳು' ಹಚ್ಚುವಾಗಲೂ ಆ ದಾರಿಯಲ್ಲಿ ನಡೆಯುತ್ತಿದ್ದವರು ನಾನಲ್ಲ, ಬೇರೆ ಯಾರೋ ಆಗುತ್ತಾ ಹೋದರು. 'ಬಾರೇ' ಅಲ್ಲೇ ಇತ್ತು. ಆದರೆ ಅಮ್ಮ ಕರೆದದ್ದು ಈಗ ನನ್ನನ್ನಲ್ಲ. ಕರೆಸಿಕೊಳ್ಳಲೆಂದೇ ಹತ್ತು ಪುಟ ನಡೆದು ಬಂದವಳು ನಾನು, ಬಾಗಿಲಲ್ಲಿ ಬೇರೆಯವರನ್ನು ನಿಲ್ಲಿಸಿದೆ. ಬೆಳಗ್ಗೆ, ಹಳೇ ನೋಟ್‌ಬುಕ್ ಯಾರಿಗಾದರೂ ಸಿಕ್ಕೀತೆಂದು ಬಚ್ಚಲ ಒಲೆಗೆ ಹಾಕಿದೆ. ಒಣ ಅಡಿಕೆ ಸಿಪ್ಪೆ ಜೊತೆ ಉರಿದುಹೋಯಿತು.

ಸಂಚಿಕೆ ಬಂತು, ಎಲ್ಲರೂ ಹೊಗಳಿದರು. ಯಕ್ಷಗಾನದಲ್ಲಿ ಒಳ್ಳೆಯ ಸ್ತ್ರೀವೇಷ ನೋಡಿ ಹೊಗಳುತ್ತಾರಲ್ಲ, ಹಾಗೆ. ವೇಷಕ್ಕೆ ನಮ್ಮ ಕಡೆ ಯಾರ ಅಡ್ಡಿಯೂ ಇಲ್ಲ, ಚೌಕಿಗೆ, ಅಂದರೆ ಬಣ್ಣದ ಮನೆಗೆ ಬಂದು ಬಣ್ಣ ತೆಗೆದರೆ ಸರಿ. ನನ್ನ ಮುಖದ ಮೇಲೆ ಬಣ್ಣವೇ ಇರಲಿಲ್ಲ. ಆರು ವರ್ಷ ಒಂದು ಸಾಲೂ ಬರೆಯಲಿಲ್ಲ.

ಅದಕ್ಕೇ ನಿಮ್ಮ 'ಮೊದಲು ತೀರ್ಮಾನ' ನನಗೆ ಒಪ್ಪಿಗೆಯಿಲ್ಲ. ಯಾರಿಗೆ ತೋರಿಸಲು ಆ ತೀರ್ಮಾನ? ತನ್ನ ಲಿಂಗ ಯಾವುದೆಂದು ಹೇಳುವ ಹಕ್ಕು ಆಯಾ ವ್ಯಕ್ತಿಯದು, ಅದಕ್ಕೆ ಆಪರೇಷನ್ ಆಗಿರಬೇಕಿಲ್ಲ ಎಂದು ಸುಪ್ರೀಂ ಕೋರ್ಟೇ 2014ರ ಏಪ್ರಿಲ್ 15ರಂದು ಹೇಳಿದೆ. ನಿಮಗೆ ಗಡುವು ಕೊಟ್ಟವರು ಯಾರೂ ಇಲ್ಲ. ಹಾಗಂತ ಹೆಣ್ಣಿನ ದನಿ ಬಂದ ಮಾತ್ರಕ್ಕೆ ನೀವು ನನ್ನ ಹಾಗೆ ಎಂದೇನೂ ಅಲ್ಲ. ಹನ್ನೆರಡನೇ ಶತಮಾನದ ಗಂಡು ಶರಣರೂ ತಮ್ಮನ್ನು ಸತಿ, ಶಿವಲಿಂಗವನ್ನು ಪತಿ ಎಂದುಕೊಂಡು ವಚನ ಬರೆದರು. ಕಥೆಯನ್ನು ರಕ್ತಪರೀಕ್ಷೆ ಮಾಡಿಕೊಳ್ಳಬೇಡಿ.

ಸುಮ್ನೆ ಬರೆಯಿರಿ. ಯಾರು ಹೇಳಿದರೂ 'ನಾನು' ಬಿಡಬೇಡಿ. ಒಂದೇ ಪುಟದಲ್ಲಿ ಒಮ್ಮೆ 'ಬಾರೋ', ಒಮ್ಮೆ 'ಬಾರೇ', ಒಮ್ಮೆ 'ಬನ್ನಿ' ಎಂದು ಕರೆಸಿಕೊಂಡು ಒಬ್ಬರೇ ಕೂತು ಗಟ್ಟಿಯಾಗಿ ಓದಿ. ಮನೆಯಲ್ಲಿ ಇಡಲು ಹೆದರಿಕೆಯಾದರೆ ನಂಬಿಕೆಯ ಸ್ನೇಹಿತರ ಹತ್ತಿರ ಇಡಿ. ಸುಡಬೇಡಿ. 2017ರಲ್ಲಿ ನಾನು ಮತ್ತೆ ಬರೆಯಲು ಕೂತಾಗ ಆ ಹತ್ತು ಪುಟ ನೆನಪಿನಲ್ಲಿ ಎಷ್ಟು ತಡಕಿದರೂ ಸಿಗಲಿಲ್ಲ.

ಈಗ ಶಿವಮೊಗ್ಗದಲ್ಲಿದ್ದೇನೆ. ತಂಗಿ ಅಕ್ಕ ಎನ್ನುತ್ತಾಳೆ. ಅಮ್ಮ ಇನ್ನೂ 'ಬಾರೇ' ಅಂದಿಲ್ಲ, ಆದರೆ 'ಬಾರೋ' ಬಿಟ್ಟಿದ್ದಾಳೆ. ಮೊನ್ನೆ ಫೋನಿನಲ್ಲಿ "ಭೂಮಿ ಹುಣ್ಣಿಮೆಗೆ ಬಾ" ಅಂದಳು. ಹೋಗುತ್ತಿದ್ದೇನೆ.