ಪೈಪೋಟಿ ಹೆಚ್ಚಿರುವ ವಸಂತದಲ್ಲಿ ಮನೆ ಕೊಳ್ಳಲು ಷರತ್ತುಗಳನ್ನು ಬಿಟ್ಟುಕೊಡಬೇಕೇ?

ಸಾಲ ಸಿಗದಿದ್ದರೆ, ಬೆಲೆ ಹೊಂದದಿದ್ದರೆ ಮುಂಗಡವನ್ನು ಹಿಂದಕ್ಕೆ ಪಡೆದು ಹೊರನಡೆಯಲು ಕರಾರಿನಲ್ಲಿ ಬರೆಸುವ ಷರತ್ತುಗಳನ್ನೆಲ್ಲ ಬಿಟ್ಟುಕೊಟ್ಟರೆ ಈ ವಸಂತದಲ್ಲಿ ಮನೆ ಸಿಗಬಹುದೇ ಎಂದು ಕೇಳಿದ್ದೀರಿ. ಸಿಗುತ್ತದೆ. ನನಗೂ ಸಿಕ್ಕಿತ್ತು, ಆರು ವಾರಗಳಾದ ಮೇಲೆ ಮನೆಯೂ ಇರಲಿಲ್ಲ, ಕೊಟ್ಟ ಮುಂಗಡವೂ ಇರಲಿಲ್ಲ.

ಬೇಸಿಗೆ ರಜೆಯಲ್ಲಿ ಮನೆ ಬದಲಿಸಿ, ಮಕ್ಕಳನ್ನು ಹೊಸ ಶಾಲೆಗೆ ಸೇರಿಸಬೇಕೆಂಬ ಆತುರ ನಮ್ಮಂತೆಯೇ ಉಳಿದ ಕುಟುಂಬಗಳಿಗೂ ಇದ್ದುದರಿಂದ ಒಂದೊಂದು ಮನೆಗೂ ಹತ್ತಾರು ಮಂದಿ ಮುಗಿಬೀಳುತ್ತಿದ್ದರು. ಮೂರು ಮನೆಗಳು ಕೈತಪ್ಪಿದ ಮೇಲೆ ನನಗೆ ಛಲ ಹತ್ತಿತು. ನಾಲ್ಕನೆಯದಕ್ಕೆ ಕೇಳಿದ ಬೆಲೆಗಿಂತ ಹೆಚ್ಚು ಬರೆದು, ಸಾಲ ಮತ್ತು ಮೌಲ್ಯಮಾಪನಕ್ಕೆ (ಬ್ಯಾಂಕಿಗಾಗಿ ಮನೆಗೆ ಬೆಲೆ ಕಟ್ಟುವುದಕ್ಕೆ) ಸಂಬಂಧಿಸಿದ ಎರಡೂ ಷರತ್ತುಗಳನ್ನು ನಾನೇ ಹೊಡೆದುಹಾಕಿದೆ.

ಎಡವಿದ್ದು ಅಲ್ಲಿಯೇ. ಬ್ಯಾಂಕು ಕೊಟ್ಟಿದ್ದ ಪೂರ್ವಾನುಮೋದನೆಯ ಪತ್ರವನ್ನೇ ನಾನು ಸಾಲವೆಂದು ತಿಳಿದಿದ್ದೆ. ಆ ಪತ್ರ ನನ್ನ ಆದಾಯವನ್ನೂ ಹಳೆಯ ಸಾಲಗಳನ್ನೂ ನೋಡಿ ಬರೆದದ್ದು. ಮನೆಯನ್ನು ಬ್ಯಾಂಕಿನವರು ಇನ್ನೂ ನೋಡಿಯೇ ಇರಲಿಲ್ಲ. ಒಪ್ಪಿದ ಬೆಲೆ ಮತ್ತು ಮೌಲ್ಯಮಾಪಕರು ಹೇಳಿದ ಬೆಲೆ, ಇವೆರಡರಲ್ಲಿ ಯಾವುದು ಕಡಿಮೆಯೋ ಅದರ ಮೇಲೆ ಬ್ಯಾಂಕು ಸಾಲ ಕೊಡುತ್ತದೆ. ನಾನು ಒಪ್ಪಿದ ಬೆಲೆ 100 ಎಂದಿಟ್ಟುಕೊಳ್ಳಿ. ಶೇಕಡಾ 80ರಷ್ಟು ಸಾಲ, ಉಳಿದ 20 ನನ್ನ ಕೈಯಿಂದ ಎಂಬುದು ನನ್ನ ಲೆಕ್ಕ. ಮೌಲ್ಯಮಾಪಕರು 90 ಎಂದು ಬರೆದರು. 90ರಲ್ಲಿ ಶೇಕಡಾ 80 ಎಂದರೆ 72. ಮಾರುವವರಿಗೆ ಮಾತ್ರ 100 ಪೂರ್ತಿ ಸಲ್ಲಲೇಬೇಕು. ಹಾಗಾಗಿ ನಾನು ಹೊಂದಿಸಬೇಕಾದ 20 ರಾತ್ರೋರಾತ್ರಿ 28 ಆಯಿತು. ನೋಂದಣಿ, ವಕೀಲರ ಶುಲ್ಕಗಳು ಬೇರೆ. ಮೌಲ್ಯಮಾಪನದ ಷರತ್ತು ಉಳಿದಿದ್ದರೆ ಬೆಲೆ ಇಳಿಸುವಂತೆ ಕೇಳಬಹುದಿತ್ತು, ಇಲ್ಲವೇ ಮುಂಗಡವನ್ನು ಹಿಂದಕ್ಕೆ ಪಡೆದು ಹೊರನಡೆಯಬಹುದಿತ್ತು. ಇನ್ನೊಂದು ಬ್ಯಾಂಕಿನ ಬಾಗಿಲು ತಟ್ಟುವಷ್ಟರಲ್ಲಿ ಗಡುವು ಮುಗಿಯಿತು. ಮಾರುವವರು ಮುಂಗಡವನ್ನು ಇಟ್ಟುಕೊಂಡರು. ಅವರದೇನೂ ತಪ್ಪಿಲ್ಲ, ಸಹಿ ನನ್ನದು. ಹೆಂಡತಿ ಆ ದಿನ ಒಂದು ಮಾತನ್ನೂ ಆಡಲಿಲ್ಲ, ಬೈದಿದ್ದರೆ ವಾಸಿಯಿತ್ತು.

ಆದ್ದರಿಂದ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ವಸಂತ ಬಂದ ಮೇಲೆ ಮಾಡುವುದು ಸಿದ್ಧತೆಯಲ್ಲ, ಪರದಾಟ. ಚಳಿಗಾಲದಲ್ಲಿಯೇ ನಿಮ್ಮ ಸಾಲದ ದಾಖಲೆಯನ್ನು, ಅಂದರೆ ಈವರೆಗಿನ ಸಾಲಗಳನ್ನು ಹೇಗೆ ತೀರಿಸಿದ್ದೀರಿ ಎಂಬ ವರದಿಯನ್ನು, ತರಿಸಿ ನೋಡಿ. ಅದರಲ್ಲಿ ತಪ್ಪಿದ್ದರೆ ತಿದ್ದಿಸಲು ವಾರಗಳೇ ಹಿಡಿಯಬಹುದು. ಮನೆ ನಿಮ್ಮ ಹೆಸರಿಗೆ ಆಗುವವರೆಗೆ ಹೊಸ ಕಾರಿನ ಸಾಲ ಬೇಡವೇ ಬೇಡ. ಮಾರುವವರು ಕೇಳುವ ಬೆಲೆಯನ್ನಲ್ಲ, ಅಕ್ಕಪಕ್ಕದ ಮನೆಗಳು ನಿಜವಾಗಿ ಮಾರಾಟವಾದ ಬೆಲೆಯನ್ನು ಬರೆದಿಟ್ಟುಕೊಳ್ಳಿ. ಮೌಲ್ಯಮಾಪಕರು ನೋಡುವುದೂ ಬಹುಮಟ್ಟಿಗೆ ಅದನ್ನೇ. ಷರತ್ತನ್ನು ಕಿತ್ತುಹಾಕುವ ಬದಲು ಅದರ ಗಡುವನ್ನು ಕಿರಿದುಗೊಳಿಸಿ: ಮನೆಯಲ್ಲಿ ದೋಷಗಳಿವೆಯೇ ಎಂದು ನೋಡುವ ತಪಾಸಣೆಗೆ ಹದಿನೈದು ದಿನಗಳ ಬದಲು ಐದು ದಿನ ಸಾಕೆನ್ನಿ, ಮನೆ ಬಿಟ್ಟುಕೊಡುವ ದಿನವನ್ನು ಮಾರುವವರ ಅನುಕೂಲಕ್ಕೆ ಬಿಡಿ. ಕೆಲವರಿಗೆ ಹೆಚ್ಚಿನ ಹಣಕ್ಕಿಂತ ಅದೇ ಬೇಕಿರುತ್ತದೆ.

ಇಷ್ಟಕ್ಕೂ ವಸಂತದಲ್ಲಿಯೇ ಏಕೆ ಕೊಳ್ಳಬೇಕು? ಮುಂಗಡ ಕಳೆದುಕೊಂಡ ನಾವು ಮತ್ತೆ ಹಣ ಕೂಡಿಸಿ, ಮುಂದಿನ ವರ್ಷದ ಶರತ್ಕಾಲದಲ್ಲಿ, ವಸಂತದಿಂದಲೂ ಮಾರಾಟವಾಗದೆ ಉಳಿದಿದ್ದ ಒಂದು ಮನೆಯನ್ನು ಕೊಂಡೆವು. ಎಲ್ಲ ಷರತ್ತುಗಳೂ ಕರಾರಿನಲ್ಲಿದ್ದವು. ತಪಾಸಣೆಯಲ್ಲಿ ಛಾವಣಿಯ ಒಂದು ಮೂಲೆ ಸೋರುತ್ತಿರುವುದು ಕಂಡುಬಂತು. ಅದರ ರಿಪೇರಿಯ ಖರ್ಚನ್ನು ಮಾರುವವರೇ ಬೆಲೆಯಲ್ಲಿ ಕಳೆದರು.